ಖರ್ಚು ತಗ್ಗಿಸುವ ಆ್ಯಪ್ ನನ್ನಿಂದ 1,999 ರೂಪಾಯಿ ಕಿತ್ತುಕೊಂಡ ಬಗೆ

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಮುಂದಿನದನ್ನು ಓದಲು ಪುರಸೊತ್ತಿಲ್ಲದವರು ಇಷ್ಟನ್ನು ತಿಳಿದುಕೊಂಡು ಹೋದರೂ ಸಾಕು. ಅಳಿಸಿದರೆ ನಿಲ್ಲುವುದಿಲ್ಲ.

ನಾನು ಶಿವಮೊಗ್ಗದ ಪಿಯು ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುವವನು. ಇದನ್ನು ಬರೆಯಲು ಹದಿನೈದು ದಿನ ಹಿಂದೆಮುಂದೆ ನೋಡಿದ್ದೂ ಅದಕ್ಕೇ. ಡೆಬಿಟ್ ಎಂದರೇನು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುವವನಿಗೆ ತನ್ನ ಖಾತೆಯ ಡೆಬಿಟ್ ಗೊತ್ತಾಗಲಿಲ್ಲವೆಂದರೆ ಮಕ್ಕಳು ನಗದೆ ಇರುತ್ತಾರೆಯೇ?

ತಿಂಗಳ 20 ದಾಟಿದರೆ ಸಂಬಳ ಎಲ್ಲಿ ಹೋಯಿತೆಂದು ಹುಡುಕುವ ಪರಿಸ್ಥಿತಿ ನಮ್ಮದು. ಬ್ಯಾಂಕಿನ ಎಸ್‌ಎಂಎಸ್‌ಗಳನ್ನು ತಾನೇ ಓದಿ ಖರ್ಚು ವಿಂಗಡಿಸುವ ಬಜೆಟ್ ಆ್ಯಪ್ ಒಂದನ್ನು ಸಹೋದ್ಯೋಗಿಯೊಬ್ಬರು ತೋರಿಸಿದರು. 22ನೇ ತಾರೀಖು ಹಾಕಿಕೊಂಡೆ. ಏಳು ದಿನ ಉಚಿತ ಎಂದು ದೊಡ್ಡ ಹಸಿರು ಗುಂಡಿ. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ, ನಂತರ ವರ್ಷಕ್ಕೆ 1,999. ಓದಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಓದಿದೆ. ಬೇಡವಾದರೆ ತೆಗೆದು ಹಾಕಿದರಾಯಿತು ಎಂದುಕೊಂಡೆ. ಪರಿಶೀಲನೆಗೆ ಒಂದು ರೂಪಾಯಿ ಎಂದಿತು, ಯುಪಿಐ ಪಿನ್ ಒತ್ತಿದೆ. ಒಂದು ರೂಪಾಯಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆ್ಯಪ್‌ಗೆ ಲೆಕ್ಕವೇ ಬರುತ್ತಿರಲಿಲ್ಲ, ಅದು ಬೇರೆ ಮಾತು. ನನ್ನದೇ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿದ 10,000 ರೂಪಾಯಿಯನ್ನು ಖರ್ಚು ಎಂದು ತೋರಿಸಿತು. ಆದಾಯವೂ ಅಲ್ಲದ, ಖರ್ಚೂ ಅಲ್ಲದ ಇಂಥ ಕಾಂಟ್ರಾ ನಮೂದು ಗೊತ್ತಿಲ್ಲದ ಲೆಕ್ಕಿಗ! ಒಂದು ಎಳನೀರು ಕುಡಿದರೆ ‘ಹೊರಗಿನ ಖರ್ಚು ಮಿತಿ ಮೀರುತ್ತಿದೆ’ ಎಂದು ಟಿಣ್ ಎನ್ನುತ್ತಿತ್ತು. ಅದರ ಬೆನ್ನಲ್ಲೇ ‘ತಿಂಗಳ ಕೊನೆಗೆ ಹಣ ಸಾಲುತ್ತಿಲ್ಲವೇ? 50,000 ರೂಪಾಯಿವರೆಗೆ ಸಾಲ ಸಿದ್ಧವಿದೆ’ ಎಂಬ ಜಾಹೀರಾತು. ನನ್ನ ಎಸ್‌ಎಂಎಸ್ ಓದಿ ನನ್ನ ಬಡತನವನ್ನು ನನಗೇ ಮಾರಲು ಬಂದಂತೆ. ಐದನೆಯ ದಿನ ಅಳಿಸಿ ಹಾಕಿದೆ, ನೆಮ್ಮದಿಯಾಯಿತು.

29ರ ಸಂಜೆ ಅಪ್ಪನ ಬಿಪಿ ಮಾತ್ರೆಗೆ ಮೆಡಿಕಲ್ ಶಾಪಿಗೆ ಹೋಗಿದ್ದೆ. 640 ರೂಪಾಯಿ. ಸ್ಕ್ಯಾನ್ ಮಾಡಿದೆ, ಪಾವತಿ ವಿಫಲ. ನೆಟ್‌ವರ್ಕ್ ಇರಬೇಕೆಂದು ಮತ್ತೆ ಮಾಡಿದೆ, ಮತ್ತೆ ವಿಫಲ. ಹಿಂದೆ ನಾಲ್ಕು ಜನ. ಬ್ಯಾಲೆನ್ಸ್ ನೋಡಿದರೆ 412. ಬೆಳಗ್ಗೆ ಎರಡು ಸಾವಿರದ ನಾಲ್ಕುನೂರರ ಮೇಲಿತ್ತು! ಅಂಗಡಿಯವರು ಮಾತ್ರೆಯ ಪೊಟ್ಟಣವನ್ನು ನನ್ನ ಕಡೆಗೇ ಸರಿಸಿ ‘ಪರವಾಗಿಲ್ಲ ಮೇಷ್ಟ್ರೇ, ನಾಳೆ ಕೊಡಿ’ ಎಂದರು. ಅವರು ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಅಳಿಸಿದ ಆ್ಯಪ್ 1,999 ಕಡಿತ ಮಾಡಿಕೊಂಡಿತ್ತು. ಹಿಂದಿನ ದಿನವೇ ಅದರ ಸೂಚನೆ ಬಂದಿತ್ತು. ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ದಿನಕ್ಕೆ ಮೂವತ್ತು ಸಂದೇಶಗಳ ನಡುವೆ ಅದೂ ಒಂದು, ನಾನು ನೋಡಲಿಲ್ಲ. ದೂರು ಕೊಡಲೆಂದು ಆ್ಯಪ್ ಮತ್ತೆ ಹಾಕಿಕೊಂಡೆ. ಅದು ಹಳೆಯ ಎಸ್‌ಎಂಎಸ್ ಎಲ್ಲ ಓದಿತು. ತಾನೇ ನುಂಗಿದ 1,999 ಅನ್ನು ಯಾವ ಗುಂಪಿಗೆ ಸೇರಿಸಿತ್ತು ಗೊತ್ತೇ? ‘ಉಳಿತಾಯ ಮತ್ತು ಹೂಡಿಕೆ’! ಎಳನೀರು ಪೋಲು, ಇದು ಉಳಿತಾಯ.

ಮೂರು ದಿನದ ನಂತರ ಉತ್ತರ ಬಂತು: ‘ನಿಮ್ಮ ಆರ್ಥಿಕ ಪಯಣದಲ್ಲಿ ಜೊತೆಯಾಗಿರುವುದು ನಮ್ಮ ಭಾಗ್ಯ. ಚಂದಾ ಹಣ ಮರಳಿಸಲು ಅವಕಾಶವಿಲ್ಲ.’ ಅಳಿಸಿದ್ದೆನಲ್ಲ ಎಂದು ಬರೆದೆ. ‘ಅಳಿಸುವುದು ರದ್ದುಪಡಿಸಿದಂತೆ ಅಲ್ಲ. ತಾವೇ ಪಿನ್ ಒತ್ತಿ ಒಪ್ಪಿಗೆ ನೀಡಿದ್ದೀರಿ.’ ತಾವೇ, ತಾವೇ! ಉಚಿತ ಚಂದಾ ಕೊಡಲು ತಾನಾಗಿ ಹಣ ಕಡಿತದ ಅನುಮತಿಯನ್ನು ಬಲವಂತವಾಗಿ ಪಡೆಯುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಚಂದಾ ಬಲೆ ಎಂದೇ ಕರೆದು ನಿಷೇಧಿಸಿದೆ ಎಂದು ಬರೆದೆ. ಅದಕ್ಕೆ ಬಂದದ್ದು: ‘ಬದಲಿಗೆ ಮೂರು ತಿಂಗಳು ಹೆಚ್ಚುವರಿ ಉಚಿತ. ದೂರು ಮುಕ್ತಾಯಗೊಳಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಬ್ಯಾಂಕಿನವರು ವ್ಯಾಪಾರಿಯನ್ನೇ ಕೇಳಿ ಎಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ, ಹಣ ಇನ್ನೂ ಬಂದಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಹಣ ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ ಇರುವುದು ಚಂದಾ ಪಡೆದ ಆ್ಯಪ್‌ನಲ್ಲಿ ಅಲ್ಲ, ನೀವು ಹಣ ಕಳಿಸುವ ಯುಪಿಐ ಆ್ಯಪ್‌ನಲ್ಲಿ. ಅಲ್ಲಿ ಪ್ರೊಫೈಲ್ ತೆರೆದು ಆಟೋಪೇ ಎಂಬಲ್ಲಿಗೆ ಹೋಗಿ ರದ್ದುಮಾಡಿ, ಆಮೇಲೆ ಆ್ಯಪ್ ಅಳಿಸಿ. ಪಿನ್ ಕೇಳಿದಾಗ ಒಂದು ರೂಪಾಯಿಯನ್ನಲ್ಲ, ಕೆಳಗಿರುವ ಗರಿಷ್ಠ ಮೊತ್ತ ಮತ್ತು ಮುಕ್ತಾಯದ ದಿನಾಂಕವನ್ನು ನೋಡಿ. ನನ್ನದರಲ್ಲಿ ಮುಕ್ತಾಯ ಮೂವತ್ತು ವರ್ಷದ ನಂತರವಿತ್ತು, ಅಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ. ಎಸ್‌ಎಂಎಸ್ ಓದುವ ಅನುಮತಿಯನ್ನಂತೂ ಇಂಥ ಆ್ಯಪ್‌ಗಳಿಗೆ ಕೊಡಬೇಡಿ.

ಆ ಪಟ್ಟಿ ತೆರೆದಾಗ ನನ್ನ ಹೆಸರಿನಲ್ಲಿ ಇನ್ನೂ ಎರಡು ಆಟೋಪೇ ಜೀವಂತವಾಗಿದ್ದವು. ಅವು ಯಾವುದಕ್ಕೆ ಎಂದು ಮಾತ್ರ ಹೇಳುವುದಿಲ್ಲ, ಅಷ್ಟಾದರೂ ಮರ್ಯಾದೆ ಉಳಿಯಲಿ.