ಕಟ್ಟಡಕ್ಕೆ ಫುಲ್ ಮಾರ್ಕ್ಸ್, ನಲ್ಲಿಗೆ ಸೊನ್ನೆ (5ಕ್ಕೆ 2 ಸ್ಟಾರ್)

ಊರಿನ ಹೆಸರು ಬೇಡ. ಹಳೇ ದೇವಸ್ಥಾನ ಇರುವ ಒಂದು ಸಣ್ಣ ಊರು, ಅಲ್ಲಿನ ಪ್ರವಾಸಿ ಸೌಲಭ್ಯ ಕೇಂದ್ರದ ರಿವ್ಯೂ ಇದು. ಗ್ರಾನೈಟ್ ನೆಲ ಪಳಪಳ ಹೊಳೆಯುತ್ತದೆ. ಶೌಚಾಲಯದ ನಲ್ಲಿ ತಿರುಗಿಸಿದರೆ ಬರೀ ಗಾಳಿ. ವೀಲ್‌ಚೇರ್‌ಗೆ ಇಳಿಜಾರು ಮಾಡಿದ್ದಾರೆ, ಅದನ್ನು ಹತ್ತಿ ಹೋದರೆ ಎದುರಿಗೆ ಬೀಗ ಹಾಕಿದ ಬಾಗಿಲು! ಪಾರ್ಕಿಂಗ್ ದುಡ್ಡು ವಸೂಲಿ ಮಾತ್ರ ಚಾಚೂ ತಪ್ಪಲ್ಲ.

ಅಲ್ಲಿ ಗುಡಿಸುತ್ತಿದ್ದವರನ್ನು ಬೈದು ಏನೂ ಪ್ರಯೋಜನ ಇಲ್ಲ. ಸ್ವದೇಶ್ ದರ್ಶನ್ ಥರದ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಯೋಜನೆಗಳಲ್ಲಿ ಕಟ್ಟೋಕೆ ದುಡ್ಡು ದೆಹಲಿಯಿಂದ ಬರುತ್ತದೆ, ಆಮೇಲೆ ನಡೆಸಿಕೊಂಡು ಹೋಗುವ ಹೊಣೆ ರಾಜ್ಯದ್ದು, ಕಸ, ನೀರು, ಚರಂಡಿ ಅಂತ ಬಂದಾಗ ಕೊನೆಗೆ ಸ್ಥಳೀಯ ಪಂಚಾಯಿತಿಯ ತಲೆಗೇ. ನಮ್ಮ ರಾಜ್ಯದ ನಗರ, ಪಟ್ಟಣಗಳಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನೋ ಲೆಕ್ಕ ಇದೆ. ಅದು ಊರಲ್ಲಿ ವಾಸ ಇರೋರ ಲೆಕ್ಕ, ಭಾನುವಾರ ಬಸ್ಸಲ್ಲಿ ಬಂದು ಇಳಿಯೋರದ್ದಲ್ಲ. 2022ರಲ್ಲಿ ಸ್ವದೇಶ್ ದರ್ಶನ್ ಯೋಜನೆಯನ್ನು 2.0 ಅಂತ ಬದಲಿಸಿ ಹಂಪಿ, ಮೈಸೂರನ್ನೂ ಸೇರಿಸಿದರು, ಸಂತೋಷ. ಪ್ಲಂಬರ್‌ಗೆ ಸಂಬಳ ಯಾರು ಕೊಡ್ತಾರೆ ಅನ್ನೋದೂ ಮುಖ್ಯ ಅಲ್ವಾ?

ಕನ್ನಡದ ಮಾಹಿತಿ ಫಲಕ ಚೆನ್ನಾಗಿದೆ, ಒಂದು ಸ್ಟಾರ್ ಅದಕ್ಕೇ. ಹೋಗೋರು ನೀರಿನ ಬಾಟಲಿ ಮರೀಬೇಡಿ.