ಗಾಳಿ ಎದ್ದ ಕಡಲಲ್ಲಿ 18, 32, 65 ಅಡಿ: ಯಾವ ಬೋಟು ಎಲ್ಲಿ ಸೋಲುತ್ತದೆ

‘ಬೋಟು ದೊಡ್ಡದಿದ್ದರೆ ಹೆದರಿಕೆ ಇಲ್ಲ’ ಅನ್ನುವ ಮಾತು ಬೋಟು ಕಟ್ಟುವ ಧಕ್ಕೆಯಲ್ಲಿ ದಿನಾ ಕೇಳುತ್ತದೆ. ಹತ್ತು ಮಾರು (ಸುಮಾರು 18 ಮೀಟರ್) ಆಳದಾಚೆ ಅದು ನಿಜ. ನದಿ ಕಡಲು ಸೇರುವ ಅಳಿವೆ ಬಾಗಿಲಿಗೆ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಮಂಗಳೂರಿನಿಂದ ಕಾರವಾರದವರೆಗೆ ಓಡುವ ಮೂರು ಬಗೆಯ ಬೋಟುಗಳನ್ನು ಒಂದೇ ತರದ ಕಡಲಿನಲ್ಲಿ ಓಡಿಸಿದವರ ಕೈಗೆ ತಿಳಿಯುವ ವ್ಯತ್ಯಾಸವನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ.

ಮೊದಲನೆಯದು 18 ಅಡಿಯ ಫೈಬರ್ ದೋಣಿ, ಹಿಂದೆ ಒಂದು 9.9 ಎಚ್‌ಪಿ ಔಟ್‌ಬೋರ್ಡ್, ಅಂದರೆ ಹೊರಗೆ ಕೂರಿಸುವ ಎಂಜಿನ್. ಎರಡನೆಯದು 32 ಅಡಿಯ ನಾಡದೋಣಿ, ಎರಡು 25 ಎಚ್‌ಪಿ ಎಂಜಿನ್. ಮೂರನೆಯದು ಬಲೆ ಎಳೆದು ಮೀನು ಹಿಡಿಯುವ 65 ಅಡಿಯ ಟ್ರಾಲ್ ಬೋಟು: ಅಗಲ ಸುಮಾರು 6 ಮೀಟರ್, ನೀರಿನೊಳಗೆ ಮುಳುಗುವ ಭಾಗ 2.2 ಮೀಟರ್, ಒಳಗೆ ಡೀಸೆಲ್ ಎಂಜಿನ್, ವೇಗ 8 ನಾಟ್, ಅಂದರೆ ಗಂಟೆಗೆ 15 ಕಿ.ಮೀ.

ಅಲೆ ಎಷ್ಟು ಎತ್ತರ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಅನ್ನುವುದು. ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ನೀರಿನ ಮೇಲಿನ ನೊರೆಯ ಒಂದು ತುಣುಕು ಗುರುತು ಮಾಡಿಕೊಳ್ಳಿ. ಅದು ಹತ್ತು ಸಲ ಏರಲು ಹಿಡಿದ ಸೆಕೆಂಡುಗಳನ್ನು ಹತ್ತರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಆಳದ ನೀರಿನಲ್ಲಿ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 3 ಸೆಕೆಂಡಿನ ಅಲೆ 14 ಮೀಟರ್, 4 ಸೆಕೆಂಡಿನದು 25, 10 ಸೆಕೆಂಡಿನದು 156. ಓಡುವ ಬೋಟಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ; ಎದುರಿಗೆ ಹೋಗುವಾಗ ಅಲೆ ಬೇಗ ಬಂದಂತೆಯೂ ಬೆನ್ನಿಗೆ ಹಾಕಿಕೊಂಡಾಗ ತಡವಾಗಿ ಬಂದಂತೆಯೂ ಕಾಣುತ್ತದೆ.

ಅಲೆಯ ಉದ್ದ ಬೋಟಿನ ಉದ್ದಕ್ಕೆ ಸಮ ಅಥವಾ ಅದರ ಒಂದೂವರೆ ಪಟ್ಟು ಆದಾಗ ಮೂತಿ ಅತಿ ಹೆಚ್ಚು ಏರಿ ಬೀಳುತ್ತದೆ. ಹಾಗಾಗಿ ಪ್ರತಿ ಬೋಟಿಗೂ ಅದರದ್ದೇ ಒಂದು ಕೆಟ್ಟ ಅಲೆ ಇರುತ್ತದೆ. 18 ಅಡಿಯದ್ದಕ್ಕೆ ಎರಡು ಸೆಕೆಂಡಿನ, ಮೊಣಕಾಲೆತ್ತರದ ಪುಟ್ಟ ಅಲೆಯೇ ಸಾಕು. ಟಪಟಪ ಬಡಿದು ಬೆನ್ನು ನೋಯಿಸುತ್ತದೆ, ಆದರೆ ಮುಳುಗಿಸುವುದಿಲ್ಲ. 32 ಅಡಿಗೆ ಕೆಟ್ಟದ್ದು ಮೂರು ಸೆಕೆಂಡಿನ ಆಸುಪಾಸು. ಚಳಿಗಾಲದ ಮಧ್ಯಾಹ್ನ ವಾಯವ್ಯದ ಗಾಳಿ ಹೊರಟ ಮೊದಮೊದಲು ಏಳುವುದು ಇಂಥದ್ದೇ ಅಲೆ. ಸಂಜೆಯವರೆಗೆ ಗಾಳಿ ಬಿಡದಿದ್ದರೆ ಅಲೆ ನಾಲ್ಕು ಸೆಕೆಂಡಿಗೆ ಬೆಳೆಯುತ್ತದೆ. ಆಗ ನಾಡದೋಣಿ ಒಂದೊಂದೇ ಅಲೆಯನ್ನು ಹತ್ತಿ ಇಳಿಯುತ್ತಾ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. 65 ಅಡಿಯ ಬೋಟಿಗೆ ಕಾಟ ಶುರುವಾಗುವುದು ಆಗಲೇ. ಅದೇ ಗಾಳಿ, ಅದೇ ಜಾಗ, ದೊಡ್ಡದು ಮೂತಿ ಕುಕ್ಕುತ್ತಿರುತ್ತದೆ, ಚಿಕ್ಕದು ಸಲೀಸಾಗಿ ಹೋಗುತ್ತಿರುತ್ತದೆ. ನೋಡಿದವರಿಗೆ ವಿಚಿತ್ರ ಅನ್ನಿಸಬಹುದು. ಟ್ರಾಲ್ ಬೋಟಿನಲ್ಲಿ ಇದಕ್ಕೆ ಮದ್ದು ಸುಲಭ: ನೇರ ಎದುರಿಗೆ ಹೋಗದೆ 30 ಡಿಗ್ರಿ ಓರೆ ಹಿಡಿದರೆ ಅಲೆ ಉದ್ದವಾದಂತೆ ಆಗುತ್ತದೆ, ವೇಗ 8ರಿಂದ 5 ನಾಟಿಗೆ ಇಳಿಸಿದರೆ ಬಡಿತ ನಿಲ್ಲುತ್ತದೆ.

10 ಸೆಕೆಂಡಿನ ಉದ್ದನೆಯ ಅಲೆ, ಅಂದರೆ ಉದ್ದಲೆ, ಆಳದಲ್ಲಿ ಮೂರನ್ನೂ ಒಂದೇ ಸಮನೆ ಎತ್ತಿ ಇಳಿಸುತ್ತದೆ. ಎರಡು ಮೀಟರ್ ಎತ್ತರವಿದ್ದರೂ 18 ಅಡಿಯ ದೋಣಿಯಲ್ಲಿ ಕೂತು ಚಹಾ ಕುಡಿಯಬಹುದು. ಮೋಸ ಇರುವುದು ಇಲ್ಲೇ. ಹೊರಗೆ ಮೆತ್ತಗೆ ಇದ್ದ ಇದೇ ಅಲೆ ಅಳಿವೆಯ ಮರಳದಿಣ್ಣೆಯ ಮೇಲೆ ಗೋಡೆಯಾಗಿ ನಿಲ್ಲುತ್ತದೆ.

ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲು ದಾಟಿದಾಗ ಅದು ಒಡೆಯುತ್ತದೆ. 2 ಮೀಟರಿನ ಅಲೆ ಸುಮಾರು ಎರಡೂವರೆ ಮೀಟರ್ ಆಳದಲ್ಲಿ ಮುರಿಯುತ್ತದೆ ಎಂದು ಇಟ್ಟುಕೊಳ್ಳಿ. ಶರಾವತಿ ಸೇರುವ ಹೊನ್ನಾವರದಲ್ಲಿ, ಐದು ನದಿಗಳ ನೀರು ಹೊರಬೀಳುವ ಗಂಗೊಳ್ಳಿಯಲ್ಲಿ ಹೂಳಿನ ದಿಣ್ಣೆ ವರ್ಷವರ್ಷ ಜಾಗ ಬದಲಿಸುತ್ತದೆ. ಹೋದ ವರ್ಷದ ಜಿಪಿಎಸ್ ಗೆರೆ ನಂಬಿ ಒಳಗೆ ಬರುವಂತಿಲ್ಲ. ಇದರ ಮೇಲೆ ಇಳಿತದ ನೀರು ಎದುರಿಗೆ ಹರಿಯುತ್ತಿದ್ದರೆ ಅಲೆ ಗಿಡ್ಡವಾಗಿ ಕಡಿದಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಭರತದ ಕೊನೆಯ ಎರಡು ಗಂಟೆ ಒಳ್ಳೆಯದು. ಜುಲೈಯಲ್ಲಿ ನದಿಗೆ ನೆರೆ ಬಂದಾಗ ಭರತದ ಹೊತ್ತಿನಲ್ಲೂ ಮೇಲಿನ ನೀರು ಹೊರಕ್ಕೇ ತಳ್ಳುತ್ತಿರುತ್ತದೆ, ಆಗ ಪಂಚಾಂಗದ ಲೆಕ್ಕ ನಡೆಯದು.

ಟ್ರಾಲ್ ಬೋಟಿನ ಲೆಕ್ಕ ನೋಡಿ. ದಿಣ್ಣೆಯ ಮೇಲೆ 3.5 ಮೀಟರ್ ನೀರು, ಅಲೆ 1.5 ಮೀಟರ್. ಅಲೆಯ ತಗ್ಗಿನಲ್ಲಿ 0.75 ಮೀಟರ್ ಹೋಯಿತು, ಉಳಿದದ್ದು 2.75. ಹಿಂಬದಿ ಕುಕ್ಕಿದಾಗ ಇನ್ನರ್ಧ ಮೀಟರ್ ಕೆಳಗೆ ಹೋಗುತ್ತದೆ, 2.25. ಬೋಟು ಮುಳುಗುವುದು 2.2. ಅಡಿಯಲ್ಲಿ ಉಳಿದದ್ದು ಮೂರು ಬೆರಳು, ಅದೂ ಖಾಲಿ ಬೋಟಿಗೆ. ಮೀನು ತುಂಬಿಕೊಂಡು ಬಂದರೆ ಆ ಮೂರು ಬೆರಳೂ ಇಲ್ಲ. ಮೊದಲು ತಾಗುವುದು ಚುಕ್ಕಾಣಿಯ ಕೆಳಗಿನ ಪಟ್ಟಿ. ಚುಕ್ಕಾಣಿ ಸಿಕ್ಕಿಬಿದ್ದ ಬೋಟನ್ನು ಮುಂದಿನ ಅಲೆ ಅಡ್ಡಕ್ಕೆ ತಿರುಗಿಸುತ್ತದೆ, ಅದರ ಮುಂದಿನದು ದಿಣ್ಣೆಯ ಮೇಲೆ ಕೂರಿಸುತ್ತದೆ. ಅದೇ ಜಾಗದಲ್ಲಿ ನಾಡದೋಣಿಗೆ ಎಂಜಿನ್ ಸೇರಿ ಮುಕ್ಕಾಲು ಮೀಟರ್ ನೀರು ಸಾಕು.

ಇನ್ನು ವೇಗ. 3 ಮೀಟರ್ ಆಳದಲ್ಲಿ ಉದ್ದಲೆ ಗಂಟೆಗೆ ಸುಮಾರು 19 ಕಿ.ಮೀ. ಓಡುತ್ತದೆ. 15 ಕಿ.ಮೀ. ಓಡುವ ಟ್ರಾಲ್ ಬೋಟನ್ನು ಪ್ರತಿ ಅಲೆಯೂ ಹಿಂದಿನಿಂದ ಹಿಡಿದು ದಾಟಿ ಹೋಗುತ್ತದೆ. ದಾಟುವ ಆ ಹೊತ್ತಿನಲ್ಲಿ ಚುಕ್ಕಾಣಿಯ ಸುತ್ತಲಿನ ನೀರೂ ಬೋಟಿನ ಜೊತೆಗೇ ಮುಂದೆ ಚಲಿಸುವುದರಿಂದ ಚುಕ್ಕಾಣಿ ತಿರುಗಿಸಿದರೂ ಬೋಟು ಕೇಳುವುದಿಲ್ಲ. ಹಿಂಬದಿ ಮೇಲೆ, ಮೂತಿ ಕೆಳಗೆ, ಒಂದು ಪಕ್ಕಕ್ಕೆ ಎಳೆತ: ಬೋಟು ಅಡ್ಡ ತಿರುಗುವುದು ಹೀಗೆ. ಮದ್ದು ಅಂದರೆ ಅಲೆ ಹಿಂಬದಿಯನ್ನು ಎತ್ತುವ ಮೊದಲೇ ಗ್ಯಾಸ್ ಇಳಿಸಿ, ಅದು ದಾಟಿದ ಕೂಡಲೇ ಪೂರ್ತಿ ಕೊಟ್ಟು ನೇರ ಮಾಡಿಕೊಳ್ಳುವುದು. ಹಿಂದೆ 50 ಮೀಟರಿಗೆ ಕಡಿಮೆಯಿಲ್ಲದ ದಪ್ಪ ಹಗ್ಗವನ್ನು ಎರಡೂ ಮೂಲೆಗೆ ಕಟ್ಟಿ ಕುಣಿಕೆಯಾಗಿ ಎಳೆದರೆ ಹಿಂಬದಿ ಅಲೆಗೆ ನೇರ ನಿಲ್ಲುತ್ತದೆ. ಆದರೆ ಹಗ್ಗ ಎಂಜಿನಿನ ಫ್ಯಾನಿಗೆ (ಪ್ರೊಪೆಲ್ಲರ್) ಸುತ್ತಿದರೆ ಕತೆ ಮುಗಿಯಿತು. ಒಬ್ಬ ಬರೇ ಹಗ್ಗ ನೋಡಿಕೊಳ್ಳಲೆಂದೇ ಹಿಂದೆ ಇರಬೇಕು.

ನಾಡದೋಣಿ ಖಾಲಿ ಇದ್ದಾಗ ಎರಡೂ ಎಂಜಿನಿನಲ್ಲಿ 20 ಕಿ.ಮೀ. ದಾಟುತ್ತದೆ. ಹಾಗಾಗಿ ಒಂದು ಅಲೆಯ ಬೆನ್ನ ಮೇಲೆ ಕೂತು, ಅದರ ತುದಿಯನ್ನು ದಾಟದೆ, ಅದರ ಜೊತೆಗೇ ಒಳಗೆ ಬರಬಹುದು. ಅಳಿವೆಗೆ ಇದಕ್ಕಿಂತ ಒಳ್ಳೆಯ ಬೋಟು ನಮ್ಮ ಕರಾವಳಿಯಲ್ಲಿ ಇಲ್ಲ ಎಂದೇ ನಮ್ಮ ಅಭಿಪ್ರಾಯ. ಒಂದು ತೊಡಕಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಅಂದರೆ ಕಡಲು ಅತಿ ಕೆಟ್ಟಿರುವ ಎರಡು ತಿಂಗಳು ಇದೇ ದೋಣಿ ಒಂದೇ ಚಿಕ್ಕ ಎಂಜಿನಿನಲ್ಲಿ 11-12 ಕಿ.ಮೀ. ವೇಗದಲ್ಲಿ ಓಡುತ್ತದೆ. ಅಲೆಯ ಬೆನ್ನು ಹಿಡಿಯುವ ಉಪಾಯ ಆಗ ನಡೆಯುವುದಿಲ್ಲ, ಎಂಜಿನ್ ನಿಂತರೆ ಎರಡನೆಯದೂ ಇಲ್ಲ. ಆಗಸ್ಟಿನಲ್ಲಿ ಹೇಗೆ ಬಂದೆವೋ ಹಾಗೆಯೇ ಜೂನಿನಲ್ಲೂ ಬರುತ್ತೇವೆ ಅಂದುಕೊಳ್ಳುವುದು ದೊಡ್ಡ ತಪ್ಪು.

ಔಟ್‌ಬೋರ್ಡ್ ದಿಣ್ಣೆಯ ಮೇಲೇ ನಿಲ್ಲುವುದಕ್ಕೆ ಕಾರಣವಿದೆ. ಕುಲುಕಾಟಕ್ಕೆ ಟ್ಯಾಂಕಿನ ತಳದ ನೀರು, ಕಸ ಎದ್ದು ಫಿಲ್ಟರಿಗೆ ಬರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಇದು ಹೆಚ್ಚು. ಅಳಿವೆಗೆ ಮೊದಲು ತುಂಬಿದ ಟ್ಯಾಂಕಿಗೆ ಪೈಪು ಬದಲಿಸಿ, ಪೈಪಿನ ರಬ್ಬರ್ ಉಂಡೆ ಗಟ್ಟಿಯಾಗುವವರೆಗೆ ಒತ್ತಿ. ಎರಡನೆಯ ಕಾರಣ ಫ್ಯಾನು ನೀರಿನಿಂದ ಮೇಲೆ ಬಂದು ಗಾಳಿ ಎಳೆಯುವುದು. 18 ಅಡಿಯ ದೋಣಿಗೆ 15 ಇಂಚಿನ ಶಾಫ್ಟ್ ಹಾಕಿದರೆ ಪ್ರತಿ ಅಲೆಗೂ ಹೀಗಾಗುತ್ತದೆ. 20 ಇಂಚಿನದ್ದೇ ಇರಲಿ.

18 ಅಡಿಯದ್ದು ಸೋಲುವುದು ಒಳಗೆ ಬರುವ ನೀರಿಗೆ. ಉದ್ದ ಎರಡು ಪಟ್ಟಾದರೆ ಅದೇ ಆಕಾರದ ಬೋಟಿನ ತೂಕ ಎಂಟು ಪಟ್ಟಾಗುತ್ತದೆ, ಆದರೆ ಮೇಲೆ ಬೀಳುವ ಅಲೆ ಬೋಟು ನೋಡಿ ಚಿಕ್ಕದಾಗುವುದಿಲ್ಲ. 4 ಮೀಟರ್ ಉದ್ದ, 1.2 ಮೀಟರ್ ಅಗಲದ ಜಾಗದಲ್ಲಿ ಒಂದು ಗೇಣೂ ಇಲ್ಲ, ಬರೇ 10 ಸೆಂ.ಮೀ. ನೀರು ನಿಂತರೆ 480 ಲೀಟರ್, ಅರ್ಧ ಟನ್. ಅದು ಹೆಚ್ಚುಕಡಿಮೆ ದೋಣಿಯಷ್ಟೇ ತೂಕ, ಜೊತೆಗೆ ವಾಲಿದ ಕಡೆಗೇ ಓಡುವ ತೂಕ. ನೀರು ಮೊಗೆಯಲು ಕತ್ತರಿಸಿದ ಕ್ಯಾನು ಹಗ್ಗದಲ್ಲಿ ಕಟ್ಟಿಯೇ ಇರಬೇಕು. ಬಲೆ ಮೂತಿಯಲ್ಲಿ ರಾಶಿ ಹಾಕಿದರೆ ಹಿಂದಿನಿಂದ ಬರುವ ಬೆನ್ನಲೆಯಲ್ಲಿ ಮೂತಿ ನೀರಿಗೆ ಹೂತುಕೊಳ್ಳುತ್ತದೆ. ನಡುವಿನಿಂದ ಸ್ವಲ್ಪ ಹಿಂದಕ್ಕೆ, ತಳಕ್ಕೆ ಒತ್ತಿ ಹಾಕಿ.

ಟ್ರಾಲ್ ಬೋಟು ಮಗುಚುವುದು ಹೆಚ್ಚಾಗಿ ಒಳಗಿನ ತಪ್ಪಿನಿಂದ. ಡೆಕ್ಕಿನ ಅಂಚಿನಲ್ಲಿ ನೀರು ಹೊರಹೋಗುವ ಕಿಂಡಿಗಳಿಗೆ ಬಲೆ ಒತ್ತಿ ಕೂತಿರುತ್ತದೆ, ಏರಿದ ನೀರು ಅಲ್ಲೇ ನಿಲ್ಲುತ್ತದೆ. ಮೀನಿನ ಖಾನೆಯಲ್ಲಿ ಕರಗಿದ ಐಸು ಅತ್ತಿತ್ತ ಹೊಯ್ದಾಡುತ್ತದೆ. ಖಾನೆಯ ನಡುವೆ ಉದ್ದಕ್ಕೆ ಒಂದು ಹಲಗೆಯ ಗೋಡೆ ಹಾಕಿದರೆ ಈ ಹೊಯ್ದಾಟದ ಕೇಡು ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಮೀನು ತುಂಬಲು ಅಡ್ಡಿ ಎಂದು ಹಲಗೆ ತೆಗೆದಿಡುವವರೇ ಜಾಸ್ತಿ. ಬೋಟಿನ ಆರೋಗ್ಯ ತಿಳಿಯಲು ಹೊರಳಾಟ ಎಣಿಸಿ. 6 ಮೀಟರ್ ಅಗಲದ ಬೋಟು ಎಡಕ್ಕೆ ವಾಲಿ, ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬರಲು ಎಂದಿನಂತೆ 6 ಸೆಕೆಂಡು ತೆಗೆದುಕೊಳ್ಳುತ್ತಿದ್ದದ್ದು 8 ಸೆಕೆಂಡಿಗೆ ಹೋದರೆ, ಅದನ್ನು ನೇರ ನಿಲ್ಲಿಸುವ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿದೆ. ‘ಈಗ ಮೆತ್ತಗೆ ಆಡ್ತಿದೆ’ ಎಂದು ಹುಡುಗರು ಖುಷಿಪಡುವ ಹೊತ್ತದು. ಬೋಟು ನಡೆಸುವ ತಾಂಡೇಲ ಖಾನೆ ಇಣುಕಿ ಪಂಪು ಹಾಕಬೇಕಾದ ಹೊತ್ತು ಕೂಡ. ಪಕ್ಕದಿಂದ ಬರುವ ಅಡ್ಡಲೆಯ ಸೆಕೆಂಡೂ ಬೋಟಿನ ಹೊರಳಾಟದ ಸೆಕೆಂಡೂ ಒಂದೇ ಆದರೆ ವಾಲುವುದು ಪ್ರತಿ ಸಲ ಹೆಚ್ಚುತ್ತಾ ಹೋಗುತ್ತದೆ, ತಕ್ಷಣ 20-30 ಡಿಗ್ರಿ ದಿಕ್ಕು ಬದಲಿಸಿ.

ಕೊಳ್ಳುವವರಿಗೆ: ಹಿನ್ನೀರು, ದಂಡೆಯಿಂದ ಮೂರ್ನಾಲ್ಕು ಕಿ.ಮೀ., ಅಲೆ ಒಂದು ಮೀಟರಿನೊಳಗೆ ಅಂದರೆ 18 ಅಡಿ ಸಾಕು. ರಾತ್ರಿ ಹೊರಗೆ ಉಳಿಯುವ ಕೆಲಸಕ್ಕೆ 65 ಅಡಿ. ಮಲ್ಪೆ, ಕಾರವಾರದಂಥ ಮರೆಯಿರುವ ಬಂದರಾದರೆ ಸರಿ, ಹೂಳಿರುವ ಅಳಿವೆಯ ಊರಾದರೆ ಭರತಕ್ಕೆ ಹೊರಗೆ ಕಾಯುವ ಡೀಸೆಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ. ದಿನಾ ಅಳಿವೆ ದಾಟಿ ದಿನಾ ಮರಳುವವರಿಗೆ 32 ಅಡಿ. ಯಾವುದೇ ಇರಲಿ, ಹೈದರಾಬಾದಿನ ಕಡಲ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್‌ನ ಮುನ್ಸೂಚನೆಯಲ್ಲಿ ಕಾಣುವ ಅಲೆಯ ಎತ್ತರ ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ ಅಷ್ಟೆ. 1.5 ಮೀಟರ್ ಎಂದು ಬರೆದಿದ್ದರೆ ಒಂದಲ್ಲ ಒಂದು ಅಲೆ 3 ಮೀಟರಿನ ಹತ್ತಿರ ಬರುತ್ತದೆ, ಅಳಿವೆಯ ಆಳವನ್ನು ಆ ಅಲೆಗೆ ಲೆಕ್ಕ ಹಾಕಿ.