ಎರಡು ಗಂಗೋತ್ರಿಗಳು: ತರಗತಿಯ ಎಂ.ಎ. ಮತ್ತು ದೂರಶಿಕ್ಷಣದ ಎಂ.ಎ.

ಮೈಸೂರಿನಲ್ಲಿ ಅಕ್ಕಪಕ್ಕದಲ್ಲೇ ಎರಡು ಗಂಗೋತ್ರಿಗಳಿವೆ. ಒಂದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣವಾದ, ಕುವೆಂಪು ಅವರು ಹೆಸರಿಟ್ಟ ಮಾನಸಗಂಗೋತ್ರಿ. ಇನ್ನೊಂದು ಅದೇ ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ವಿಭಾಗದಿಂದ ಬೆಳೆದು 1996ರಲ್ಲಿ ಸ್ವತಂತ್ರವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮುಕ್ತಗಂಗೋತ್ರಿ. ಮೊದಲನೆಯದರಲ್ಲಿ ನಾನು ಅರ್ಥಶಾಸ್ತ್ರದ ಎಂ.ಎ. ಮಾಡಿದೆ. ಎರಡನೆಯದರಿಂದ, ಹಾಸನದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದುಕೊಂಡೇ, ಹದಿಮೂರು ವರ್ಷಗಳ ನಂತರ ಕನ್ನಡ ಎಂ.ಎ. ಪಡೆದೆ. ಈಗ ಪದವಿ ಮುಗಿಸಿರುವ ತಂಗಿಯ ಮಗ ಎರಡರಲ್ಲಿ ಯಾವುದು ಮೇಲೆಂದು ಕೇಳಿದ್ದರಿಂದ ಈ ಹೋಲಿಕೆ.

ಪದವಿಯ ಬೆಲೆಯ ಪ್ರಶ್ನೆಯನ್ನು ಬೇಗ ಮುಗಿಸಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆಯಿರುವ ದೂರಶಿಕ್ಷಣದ ಪದವಿಯು ತರಗತಿಯ ಪದವಿಗೆ ಸಮಾನ. ಎನ್‌ಇಟಿ ಎಂಬ, ಕಾಲೇಜು ಅಧ್ಯಾಪಕರಾಗುವ ಅರ್ಹತೆಯ ಪರೀಕ್ಷೆ ಬರೆಯಲು ಎರಡೂ ನಡೆಯುತ್ತವೆ. ಆದರೆ ಆ ಮಾನ್ಯತೆಯು ನಾವು ಸೇರುವ ವರ್ಷಕ್ಕೂ ಆ ಕೋರ್ಸಿಗೂ ಇದೆಯೇ ಎಂಬುದನ್ನು ಯುಜಿಸಿಯ ಪಟ್ಟಿಯಲ್ಲಿ ಸ್ವತಃ ನೋಡಿಕೊಳ್ಳಬೇಕು. ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013–14ರಿಂದ ತಪ್ಪಿದ್ದ ಮಾನ್ಯತೆ 2018ರಲ್ಲಿ ಮರಳಿ ದೊರೆತದ್ದು ಎಲ್ಲರಿಗೂ ತಿಳಿದ ಸಂಗತಿ. ನಾನು ಕಾದದ್ದೂ ಅದಕ್ಕಾಗಿಯೇ.

ನಿಜವಾದ ವ್ಯತ್ಯಾಸವಿರುವುದು ದಿನಚರಿಯಲ್ಲಿ. ಮಾನಸಗಂಗೋತ್ರಿಯಲ್ಲಿ ನನ್ನ ದಿನವನ್ನು ಬೇರೆಯವರು ಕಟ್ಟಿಕೊಡುತ್ತಿದ್ದರು: ಬೆಳಿಗ್ಗೆ ತರಗತಿ, ಮಧ್ಯಾಹ್ನ ಸೆಮಿನಾರ್, ಸಂಜೆ ಗ್ರಂಥಾಲಯ, ಅದು ಬೇಸರವಾದರೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು. ಅಲ್ಲಿ ಪಾಠಕ್ಕಿಂತ ಹೆಚ್ಚಾಗಿ ನನ್ನನ್ನು ತಿದ್ದಿದ್ದು ಸಹಪಾಠಿಗಳು. ಸಂಖ್ಯಾಶಾಸ್ತ್ರದ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ತುಂಬು ವಿಶ್ವಾಸದಿಂದ ಬಿಡಿಸಿ, ಎರಡು ಅಂಶಗಳು ಒಟ್ಟಿಗೆ ಏರುತ್ತಿವೆಯೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ನಾನು ಸಾರಿದಾಗ, ಹಿಂದಿನ ಬೆಂಚಿನಲ್ಲಿದ್ದ ಗೆಳತಿಯೊಬ್ಬಳು ಕೇಳಿದ ಒಂದೇ ಪ್ರಶ್ನೆಗೆ ನನ್ನ ವಾದವೆಲ್ಲ ಕುಸಿಯಿತು. ಆ ತಪ್ಪನ್ನು ಮನೆಯಲ್ಲಿ ಒಬ್ಬನೇ ಕುಳಿತು ಮಾಡಿದ್ದರೆ ಬಹುಶಃ ಇಂದಿಗೂ ಅದನ್ನೇ ನಂಬಿಕೊಂಡಿರುತ್ತಿದ್ದೆ.

ದೂರಶಿಕ್ಷಣದಲ್ಲಿ ಆ ಗೆಳತಿಯ ಜಾಗ ಖಾಲಿ. ಘಟಕಗಳಾಗಿ ವಿಂಗಡಿಸಿದ ಪಠ್ಯಸಾಮಗ್ರಿಯನ್ನು ಒಬ್ಬನೇ ಓದಿಕೊಳ್ಳುವಂತೆಯೇ ಬರೆದಿರುತ್ತಾರೆ. ಸಾಹಿತ್ಯ ಚರಿತ್ರೆ, ಭಾಷಾಶಾಸ್ತ್ರ ಮತ್ತು ಕಾವ್ಯಮೀಮಾಂಸೆಗೆ ಆ ಸಾಮಗ್ರಿಯೂ, ಆಗೊಮ್ಮೆ ಈಗೊಮ್ಮೆ ಅಧ್ಯಾಪಕರು ಎದುರಿಗೇ ನಡೆಸುವ ಸಂಪರ್ಕ ತರಗತಿಗಳೂ ನನಗೆ ಸಾಕಾದವು. ಹಳಗನ್ನಡ ಮಾತ್ರ ಹಾಗಲ್ಲ. ಕಂದಪದ್ಯವೊಂದನ್ನು ಸಂಧಿ ಬಿಡಿಸಿ, ಅನ್ವಯಿಸಿ, ಗಟ್ಟಿಯಾಗಿ ಓದಿ ತೋರಿಸುವವರು ಎದುರಿಗಿಲ್ಲದೆ ಅದು ಬಾಯಿಗೂ ಬರುವುದಿಲ್ಲ, ಕಿವಿಗೂ ಬೀಳುವುದಿಲ್ಲ. ಕೊನೆಗೆ ನಮ್ಮ ಬೀದಿಯಲ್ಲಿದ್ದ ನಿವೃತ್ತ ಕನ್ನಡ ಮೇಷ್ಟ್ರನ್ನು ಪ್ರತಿ ಶನಿವಾರ ಸಂಜೆ ಹುಡುಕಿಕೊಂಡು ಹೋಗತೊಡಗಿದೆ. ಅವರಿಗೆ ಕಾಫಿಯ ಜೊತೆ ಕೇಳುಗನೊಬ್ಬ ಸಿಕ್ಕ, ನನಗೆ ತರಗತಿ ಸಿಕ್ಕಿತು. ದೂರಶಿಕ್ಷಣಕ್ಕೆ ಸೇರುವವರು ಪುಸ್ತಕಗಳಿಗಿಂತ ಮೊದಲು ಇಂಥ ಒಬ್ಬರನ್ನು ಹುಡುಕಿಟ್ಟುಕೊಳ್ಳಬೇಕೆಂದು ನಾನು ಹೇಳುವುದು ಈ ಅನುಭವದಿಂದ.

ಖರ್ಚಿನಲ್ಲಿ ದೂರಶಿಕ್ಷಣವೇ ಗೆಲ್ಲುತ್ತದೆ, ಆದರೆ ಶುಲ್ಕದ ಕಾರಣಕ್ಕಲ್ಲ. ಎರಡು ವರ್ಷದ ಸಂಬಳ ಕೈಬಿಡದೆ ಉಳಿಯುವುದೇ ಅದರ ದೊಡ್ಡ ಲಾಭ. ಅದಕ್ಕೆ ನಾನು ತೆತ್ತದ್ದು ಬೆಳಗಿನ ನಿದ್ದೆಯನ್ನು: ನಾಲ್ಕೂವರೆಗೆ ಎದ್ದು ಆರೂವರೆಯವರೆಗೆ ಓದು. ಮಾರ್ಚ್ ತಿಂಗಳ ವರ್ಷಾಂತ್ಯದ ಲೆಕ್ಕಪತ್ರದ ಕಾಲದಲ್ಲಿ ಅದೂ ತಪ್ಪಿಹೋಗುತ್ತಿತ್ತು, ತಪ್ಪಿದ್ದನ್ನು ಕೇಳುವವರು ಯಾರೂ ಇರಲಿಲ್ಲ. ಪರೀಕ್ಷೆಯಲ್ಲಿ ಇನ್ನೊಂದು ಪಾಠವಾಯಿತು. ವರ್ಷಗಟ್ಟಲೆ ಕೀಲಿಮಣೆ ಕುಟ್ಟಿದ ಬೆರಳುಗಳು ಮೂರು ಗಂಟೆ ಪೆನ್ನು ಹಿಡಿಯಲಾರದೆ ಎರಡನೆಯ ಗಂಟೆಗೇ ಸೋತವು. ಮುಂದಿನ ಪರೀಕ್ಷೆಗೆ ಮುನ್ನ ದಿನವೂ ಎರಡು ಪುಟ ಕೈಬರಹ ಅಭ್ಯಾಸ ಮಾಡಬೇಕಾಯಿತು.

ಸೋದರಳಿಯನಿಗೆ ಬೇಕಾಗಿರುವುದು ಅರ್ಥಶಾಸ್ತ್ರ, ಮುಂದೆ ಪಿಎಚ್‌.ಡಿ. ಮಾಡುವ ಆಸೆಯೂ ಇದೆ. ಆದ್ದರಿಂದ ಅವನು ತರಗತಿಗೇ ಹೋಗಲಿ ಎಂದೆ. ಹಾಸ್ಟೆಲ್ ಖರ್ಚಿಗೆ ತಂಗಿ ಹಿಂಜರಿದಾಗ, 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿಗಳಿಗೆ ಅವಕಾಶ ಕೊಟ್ಟಿರುವುದನ್ನು ಅವಳು ಎಲ್ಲೋ ಓದಿ, ಅಷ್ಟು ಖರ್ಚು ಮಾಡುವುದಾದರೆ ತರಗತಿಯದರ ಜೊತೆ ದೂರಶಿಕ್ಷಣದ ಇನ್ನೊಂದು ಪದವಿಯನ್ನೂ ಒಟ್ಟಿಗೆ ಮಾಡಿದರೆ ಹೇಗೆ ಎಂದು ಕೇಳಿದಳು. ಬೆಳಗಿನ ನಾಲ್ಕೂವರೆಗೆ ಅವನು ಏಳುತ್ತಾನೆಯೇ ಎಂದು ನಾನು ಕೇಳಿದೆ. ಇಬ್ಬರೂ ನಕ್ಕರು, ಅರ್ಜಿ ಒಂದೇ ಹೋಯಿತು.